ಸೇವಾನಿವೃತ್ತಿಯೂ ಪರದೇಶವಾಸವೂ: ಮೈಸೂರಿನ ಚರಿತ್ರೆಯಿಂದ ಕೆಲವು ನಿದರ್ಶನಗಳು

೧. ವಿಷಯಪ್ರವೇಶ

ಉದ್ಯೋಗದಿಂದ ನಿವೃತ್ತರಾದವರು ತಮ್ಮ ಉಳಿದ ಆಯುಷ್ಯವನ್ನು ಎಲ್ಲಿ ಕಳೆಯಬೇಕೆಂಬುದು ಇಂದು ಮೈಸೂರು ನಗರದ ಅನೇಕ ಮನೆಗಳಲ್ಲಿ ಗಂಭೀರವಾಗಿ ಚರ್ಚೆಯಾಗುತ್ತಿರುವ ಪ್ರಶ್ನೆ. ಮಕ್ಕಳು ಅಮೆರಿಕದಲ್ಲಿಯೋ ಕೆನಡದಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ನೆಲಸಿರುತ್ತಾರೆ. ತಂದೆತಾಯಿಗಳು ಸರಸ್ವತೀಪುರ, ಕುವೆಂಪುನಗರ, ಒಂಟಿಕೊಪ್ಪಲುಗಳಲ್ಲಿ ತಾವು ಕಟ್ಟಿಸಿದ ಮನೆಗಳನ್ನು ನೋಡಿಕೊಂಡಿರುತ್ತಾರೆ. ಪಿಂಚಣಿದಾರರ ಸ್ವರ್ಗವೆಂದು ಹೆಸರಾದ ಈ ಊರನ್ನು ಬಿಟ್ಟು ಹೋಗಬೇಕೆ, ಹೋದರೆ ಅಲ್ಲಿ ಬಾಳಲು ಸಾಧ್ಯವೆ ಎಂಬ ವಿಚಾರವನ್ನು ಸಾಮಾನ್ಯವಾಗಿ ಆಯಾ ಕುಟುಂಬದ ಖಾಸಗಿ ವಿಷಯವೆಂದು ಭಾವಿಸುವುದುಂಟು. ಆದರೆ ಇದಕ್ಕೂ ಒಂದು ಚರಿತ್ರೆಯಿದೆ. ಮೈಸೂರಿನಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಅನಂತರ ಸಮುದ್ರವನ್ನು ದಾಟಿ ಹೋದವರೂ, ಹೋಗಲಾರದೆ ದಾರಿಯಲ್ಲಿಯೇ ಮಡಿದವರೂ, ಹೊರಗಿನಿಂದ ಬಂದು ಇಲ್ಲಿಯೇ ಉಳಿದವರೂ ಕಳೆದ ಎರಡು ಶತಮಾನಗಳಲ್ಲಿ ನಮಗೆ ಕಾಣಸಿಗುತ್ತಾರೆ.

ಇಂಥ ಕೆಲವರ ನಿದರ್ಶನಗಳನ್ನು ಪರಿಶೀಲಿಸಿ, ನಿವೃತ್ತನ ಪರದೇಶವಾಸ ಯಾವ ಆಧಾರಗಳ ಮೇಲೆ ನಿಲ್ಲುತ್ತದೆಂಬುದನ್ನು ಕಂಡುಕೊಳ್ಳುವುದೇ ಪ್ರಕೃತ ಲೇಖನದ ಉದ್ದೇಶ. ಅಂಥ ಆಧಾರಗಳು ಮೂರೆಂದು ನಮಗೆ ತೋರುತ್ತದೆ: ಊರು ಬಿಟ್ಟರೂ ಜೊತೆಯಲ್ಲಿ ಬರುವ ಜೀವನೋಪಾಯ, ಹೋದಲ್ಲಿ ತನ್ನವರೆನ್ನುವ ಜನ, ಕೈಯಲ್ಲಿ ಉಳಿದಿರುವ ಕೆಲಸ. ಇವುಗಳಲ್ಲಿ ಮೊದಲನೆಯದೇ ಉಳಿದೆರಡಕ್ಕೂ ದಾರಿ ಮಾಡಿಕೊಟ್ಟಿತೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾದೀತು.

೨. ಪೂರ್ವಪರಂಪರೆ

ಮುಪ್ಪಿನಲ್ಲಿ ಮನೆಯನ್ನು ತೊರೆದು ಹೋಗುವುದು ನಮ್ಮವರಿಗೆ ಅಪರಿಚಿತವಾದ ಕಲ್ಪನೆಯಲ್ಲ. ಗೃಹಸ್ಥಾಶ್ರಮದ ಅನಂತರ ವಾನಪ್ರಸ್ಥವನ್ನು ಧರ್ಮಶಾಸ್ತ್ರಗಳು ವಿಧಿಸಿವೆ. ಮೈಸೂರು ಸೀಮೆಯಲ್ಲಿಯೇ ಇದಕ್ಕೆ ಅತ್ಯಂತ ಪ್ರಾಚೀನವಾದ ಒಂದು ಐತಿಹ್ಯವುಂಟು. ಹನ್ನೆರಡು ವರ್ಷಗಳ ಕ್ಷಾಮ ಬರುವುದೆಂದು ಭದ್ರಬಾಹು ಮುನಿಗಳು ನುಡಿದರೆಂದೂ, ಆಗ ಉತ್ತರದಿಂದ ಜೈನಸಂಘವು ದಕ್ಷಿಣಕ್ಕೆ ಬಂದಿತೆಂದೂ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿರುವ ಸುಮಾರು ಕ್ರಿ.ಶ. ೬೦೦ರ ಶಾಸನ ತಿಳಿಸುತ್ತದೆ. ಮೌರ್ಯ ಚಕ್ರವರ್ತಿ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ ಈ ಸಂಘದೊಡನೆ ಬಂದು ಇದೇ ಬೆಟ್ಟದಲ್ಲಿ ದೇಹತ್ಯಾಗ ಮಾಡಿದನೆಂಬುದು ಜೈನರ ಪರಂಪರೆ. ಇದರ ಚಾರಿತ್ರಿಕತೆಯನ್ನು ಬಿ. ಎಲ್. ರೈಸ್ ಸಮರ್ಥಿಸಿದರು, ಜೆ. ಎಫ್. ಫ್ಲೀಟ್ ಅದನ್ನು ಒಪ್ಪಲಿಲ್ಲ. ಆ ವಾದ ಹೇಗೇ ಇರಲಿ, ಅಧಿಕಾರವನ್ನು ಬಿಟ್ಟವನು ತನ್ನ ನಾಡನ್ನೂ ಬಿಟ್ಟು ದೂರದೇಶದಲ್ಲಿ ಕೊನೆಗಾಲ ಕಳೆಯುವುದು ಶ್ಲಾಘ್ಯವೆಂಬ ಭಾವನೆ ಇಲ್ಲಿ ಬಹುಕಾಲದಿಂದ ಬೇರೂರಿತ್ತೆಂಬುದಕ್ಕೆ ಈ ಐತಿಹ್ಯವೇ ಸಾಕ್ಷಿ.

ಕಾಶೀವಾಸವೂ ಇದೇ ಜಾತಿಗೆ ಸೇರಿದುದು. ವೃದ್ಧಾಪ್ಯದಲ್ಲಿ ಕಾಶಿಗೆ ಹೋಗಿ ಅಲ್ಲಿಯೇ ದೇಹ ಬಿಡಬೇಕೆಂಬ ಸಂಕಲ್ಪದಿಂದ ಹೊರಟವರು ಮರಳಿ ಬರುವ ಆಸೆಯನ್ನಿಟ್ಟುಕೊಳ್ಳುತ್ತಿರಲಿಲ್ಲ. ಅವರ ಜೀವನಕ್ಕೆ ಛತ್ರಗಳೂ ದಾನಧರ್ಮಗಳೂ ಒದಗುತ್ತಿದ್ದುವು. ಹೀಗೆ ದೂರಪ್ರಯಾಣ, ಪರಸ್ಥಳವಾಸ ಇವೆರಡೂ ನಮ್ಮ ಹಿರಿಯರಿಗೆ ತಿಳಿದಿದ್ದುವು. ಆದರೆ ಅವು ವಿರಕ್ತಿಯ ಮಾರ್ಗಗಳಾಗಿದ್ದುವು. ಸಂಸಾರವನ್ನು ಬಿಡದೆ, ವರಮಾನವನ್ನು ಕಳೆದುಕೊಳ್ಳದೆ, ಸುಖವಾಗಿ ಇನ್ನೊಂದು ದೇಶದಲ್ಲಿ ಮುಪ್ಪನ್ನು ಕಳೆಯುವುದೆಂಬುದು ಬೇರೆಯೇ ಆದ ವಿಚಾರ. ಇದು ಮೈಸೂರಿಗೆ ಬಂದದ್ದು ಪಿಂಚಣಿ ಎಂಬ ವ್ಯವಸ್ಥೆಯ ಜೊತೆಯಲ್ಲಿ.

೩. ಜಹಗೀರು ಮತ್ತು ಪಿಂಚಣಿ

ಹೈದರ್, ಟಿಪ್ಪು, ಮುಮ್ಮಡಿ ಕೃಷ್ಣರಾಜ ಒಡೆಯರು ಈ ಮೂವರ ಕಾಲದಲ್ಲಿಯೂ ಕಾರ್ಯನಿರ್ವಹಿಸಿದ ದಿವಾನ್ ಪೂರ್ಣಯ್ಯನವರ ಸೇವೆಗೆ ಪ್ರತಿಫಲವಾಗಿ ೧೮೦೭ರಲ್ಲಿ ಯಳಂದೂರು ಜಹಗೀರು ದೊರೆಯಿತು. ೧೮೧೧ರಲ್ಲಿ ಅವರು ಅಧಿಕಾರದಿಂದ ಹಿಂದೆ ಸರಿದರು. ೧೮೧೨ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಹಳೆಯ ಪದ್ಧತಿಯ ಸ್ವರೂಪ ಇದರಿಂದ ತಿಳಿಯುತ್ತದೆ. ಸೇವೆಗೆ ಸಲ್ಲುವ ಪ್ರತಿಫಲ ಭೂಮಿ. ಭೂಮಿಯ ಹುಟ್ಟುವಳಿ ಬರಬೇಕಾದರೆ ಒಡೆಯನೋ ಅವನ ಮಕ್ಕಳೋ ಹತ್ತಿರವಿದ್ದು ರೈತರೊಡನೆ, ಶಾನುಭೋಗರೊಡನೆ ವ್ಯವಹರಿಸಬೇಕು. ಇನಾಮು, ಉಂಬಳಿ, ಜಹಗೀರುಗಳು ತಲೆಮಾರುಗಳವರೆಗೆ ಅನ್ನ ಕೊಡುತ್ತಿದ್ದುವು, ನಿಜ. ಆದರೆ ಪಡೆದವನನ್ನು ಆ ನೆಲಕ್ಕೆ ಕಟ್ಟಿಹಾಕುತ್ತಲೂ ಇದ್ದುವು.

ಅದೇ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರ ಸ್ಥಿತಿ ಬೇರೆಯಾಗಿತ್ತು. ಅಶಕ್ತರಾದ ಸೈನಿಕರಿಗೂ ವಿಧವೆಯರಿಗೂ ನೆರವಾಗಲೆಂದು ೧೭೭೦ರಲ್ಲಿಯೇ ಕ್ಲೈವ್ ನಿಧಿ ಸ್ಥಾಪಿತವಾಗಿತ್ತು. ೧೭೯೬ರ ಸೈನ್ಯಸುಧಾರಣೆಯಿಂದ, ನಿಯತ ಅವಧಿಯ ಸೇವೆ ಮುಗಿಸಿದ ಸೇನಾಧಿಕಾರಿಗಳು ವೇತನದೊಡನೆ ನಿವೃತ್ತರಾಗುವ ಹಕ್ಕನ್ನು ಪಡೆದರು. ಹಣದ ರೂಪದಲ್ಲಿ ಬರುವ ಈ ವೇತನವನ್ನು ಲಂಡನ್ನಿನಲ್ಲಿಯೂ ಎಣಿಸಿಕೊಳ್ಳಬಹುದಾಗಿತ್ತು.

ಈ ಬದಲಾವಣೆಯ ಫಲವನ್ನು ಮೈಸೂರಿಗೆ ಸಂಬಂಧಿಸಿದ ಇಬ್ಬರಲ್ಲಿ ನೋಡಬಹುದು. ಮೊದಲನೆಯವನು ಮಾರ್ಕ್ ವಿಲ್ಕ್ಸ್. ಐಲ್ ಆಫ್ ಮ್ಯಾನ್ ದ್ವೀಪದವನಾದ ಈತ ೧೮೦೩ರಿಂದ ೧೮೦೮ರವರೆಗೆ ಮೈಸೂರಿನಲ್ಲಿ ರೆಸಿಡೆಂಟನ ಕಾರ್ಯ ನಿರ್ವಹಿಸಿ ಸ್ವದೇಶಕ್ಕೆ ಮರಳಿದನು. ಮೈಸೂರಿನ ಚರಿತ್ರೆಯನ್ನು ಕುರಿತ ಅವನ ಪ್ರಸಿದ್ಧ ಗ್ರಂಥದ ಮೊದಲ ಸಂಪುಟ ಲಂಡನ್ನಿನಲ್ಲಿ ೧೮೧೦ರಲ್ಲಿಯೂ, ಉಳಿದೆರಡು ಸಂಪುಟಗಳು ೧೮೧೭ರಲ್ಲಿಯೂ ಅಚ್ಚಾದುವು. ನಡುವೆ ಅವನು ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿ ನೆಪೋಲಿಯನ್ನನ ಸೆರೆವಾಸದ ಆರಂಭದ ದಿನಗಳನ್ನು ಕಂಡನು. ೧೮೩೧ರಲ್ಲಿ ತೀರಿಕೊಂಡ ವಿಲ್ಕ್ಸನ ಪಾಲಿಗೆ ಮೈಸೂರು ಬಿಟ್ಟದ್ದು ಕೆಲಸದ ಕೊನೆಯಾಗಲಿಲ್ಲ. ಮೈಸೂರೇ ಅವನ ಮುಂದಿನ ಕೆಲಸವಾಯಿತು.

ಎರಡನೆಯವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ. ೧೭೯೨ರಲ್ಲಿ ಭಾರತಕ್ಕೆ ಬಂದು, ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯ ಕ್ರೈಸ್ತರ ನಡುವೆ ಕೆಲಸ ಮಾಡುತ್ತ, ಹಾಸನದ ಕಡೆಯ ಸಾತಳ್ಳಿಯಲ್ಲಿ ರೈತರ ನೆಲೆಯೊಂದನ್ನು ಬೆಳೆಸಿದ ಈತ ಸಿಡುಬಿನ ಲಸಿಕೆ ಹಾಕಿಸುವ ಕಾರ್ಯದಲ್ಲಿಯೂ ಶ್ರಮಿಸಿದನು. ಹಿಂದೂ ಆಚಾರವಿಚಾರಗಳನ್ನು ಕುರಿತ ಅವನ ಹಸ್ತಪ್ರತಿಯನ್ನು ಕಂಪನಿ ಕೊಂಡುಕೊಂಡು ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿತು. ಈ ಗ್ರಂಥದ ಬಹುಭಾಗ ಅವನಿಗಿಂತ ಹಿಂದಿನ ಜೆಸ್ಯೂಟ್ ಪಾದ್ರಿ ಕೆರ್ದುವಿನ ಬರಹದಿಂದ ತೆಗೆದುಕೊಂಡದ್ದೆಂಬುದನ್ನು ಸಿಲ್ವಿಯಾ ಮ್ಯೂರ್ ೧೯೮೭ರಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟಿದ್ದಾರೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ೧೮೨೩ರಲ್ಲಿ ದ್ಯುಬ್ವಾ ಕಂಪನಿ ಕೊಟ್ಟ ಪಿಂಚಣಿಯೊಡನೆ ಪ್ಯಾರಿಸ್ಸಿಗೆ ಹಿಂದಿರುಗಿದನು, ಮೂವತ್ತು ವರ್ಷಗಳ ಪರದೇಶವಾಸದ ಬಳಿಕ ಹುಟ್ಟುನಾಡಿನಲ್ಲಿ ಮತ್ತೆ ಇಪ್ಪತ್ತೈದು ವರ್ಷ ಬದುಕಿದನು. ಆಗಲೂ ಅವನು ಸುಮ್ಮನೆ ಕುಳಿತಿರಲಿಲ್ಲ. ೧೮೨೫ರಲ್ಲಿ ತನ್ನ ಗ್ರಂಥದ ಫ್ರೆಂಚ್ ಆವೃತ್ತಿಯನ್ನೂ, ೧೮೨೬ರಲ್ಲಿ ತಮಿಳು ತೆಲುಗು ಕನ್ನಡ ಪ್ರತಿಗಳನ್ನು ಆಧರಿಸಿದ ಪಂಚತಂತ್ರದ ಫ್ರೆಂಚ್ ಅನುವಾದವನ್ನೂ ಹೊರತಂದನು. ತನ್ನನ್ನು ಕಳುಹಿಸಿದ್ದ ಮಿಷನ್ ಸಂಸ್ಥೆಯ ಮುಖ್ಯಸ್ಥನೂ ಆಗಿದ್ದು, ೧೮೪೮ರಲ್ಲಿ ಕಾಲವಾದನು.

೪. ತಡವಾಗಿ ಹೊರಟವನು

ಈ ಇಬ್ಬರಿಗೂ ಮೂರು ಆಧಾರಗಳೂ ಕೂಡಿಬಂದಿದ್ದುವು. ಹಾಗೆ ಕೂಡಿಬರದಿದ್ದಾಗ ಏನಾಗುತ್ತದೆಂಬುದಕ್ಕೆ ಸರ್ ಮಾರ್ಕ್ ಕಬ್ಬನ್ನನ ಜೀವನ ದೃಷ್ಟಾಂತವಾಗಿದೆ. ವಿಲ್ಕ್ಸನ ಸೋದರಳಿಯನೂ ಅದೇ ದ್ವೀಪದವನೂ ಆದ ಕಬ್ಬನ್ ೧೮೦೦ರಲ್ಲಿ ಮದರಾಸಿನ ಸೈನ್ಯಕ್ಕೆ ಸೇರಿದನು. ೧೮೩೧ರಲ್ಲಿ ಮೈಸೂರಿನ ಆಡಳಿತ ಕಂಪನಿಯ ವಶವಾಗಿ, ಆಡಳಿತಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ವರ್ಗವಾದ ಬಳಿಕ, ೧೮೩೪ರಿಂದ ೧೮೬೧ರವರೆಗೆ ಅವನೇ ಕಮಿಷನರನಾಗಿದ್ದನು. ಅವನು ಮದುವೆಯಾಗಲಿಲ್ಲ. ಬೆಂಗಳೂರಿನ ಮನೆ, ಬೇಸಗೆಗೆ ನಂದಿಬೆಟ್ಟದ ಬಂಗಲೆ, ಕುದುರೆಗಳು, ಕಚೇರಿಯ ಕಾಗದಪತ್ರಗಳು, ಇವೇ ಅವನ ಸಂಸಾರ.

ಸುಮಾರು ಅರವತ್ತು ವರ್ಷಗಳ ಭಾರತವಾಸದ ಅನಂತರ, ಆರೋಗ್ಯ ಕೆಟ್ಟು, ೧೮೬೧ರ ಆರಂಭದಲ್ಲಿ ಅವನು ಅಧಿಕಾರ ಬಿಟ್ಟು ಸ್ವದೇಶಕ್ಕೆ ಹೊರಟನು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಹಿಂದೆ ಪ್ರಯಾಣಿಕರು ಸೂಯೆಜ್ ಪಟ್ಟಣದಲ್ಲಿ ಹಡಗಿನಿಂದಿಳಿದು, ಈಜಿಪ್ಟಿನ ಮರುಭೂಮಿಯನ್ನು ರೈಲಿನಲ್ಲಿ ದಾಟಿ, ಅಲೆಕ್ಸಾಂಡ್ರಿಯದಲ್ಲಿ ಮತ್ತೊಂದು ಹಡಗನ್ನು ಹತ್ತಬೇಕಾಗಿತ್ತು. ಕಬ್ಬನ್ ಸೂಯೆಜನ್ನು ದಾಟಲಿಲ್ಲ. ೧೮೬೧ರ ಏಪ್ರಿಲ್ ೨೩ರಂದು ಅಲ್ಲಿಯೇ ಮೃತನಾದನು. ಪಿಂಚಣಿಯ ಹಕ್ಕು ಅವನಿಗಿತ್ತು. ಆದರೆ ಹುಡುಗನಾಗಿದ್ದಾಗ ಬಿಟ್ಟುಬಂದ ದ್ವೀಪದಲ್ಲಿ ಅವನ ಕಾಲದವರು ಎಷ್ಟು ಜನ ಉಳಿದಿದ್ದರು? ಮಾಡಬೇಕಾದ ಯಾವ ಕೆಲಸ ಅಲ್ಲಿ ಕಾದಿತ್ತು? ಅವನಿಗೆ ಸ್ವದೇಶವೆಂಬುದು ವಾಸ್ತವದಲ್ಲಿ ಪರದೇಶವಾಗಿತ್ತೆಂದೂ, ಸ್ವದೇಶವಾಗಿದ್ದುದು ಮೈಸೂರು ಸಂಸ್ಥಾನವೇ ಎಂದೂ ನಾವು ಹೇಳಬಹುದಾಗಿದೆ.

ಕಬ್ಬನ್ನನ ತರುವಾಯ ೧೮೬೨ರಿಂದ ೧೮೭೦ರವರೆಗೆ ಕಮಿಷನರನಾಗಿದ್ದ ಲೂಯಿನ್ ಬೌರಿಂಗ್ ಇದಕ್ಕೆ ತದ್ವಿರುದ್ಧವಾದ ನಿದರ್ಶನ. ಐವತ್ತರ ಒಳಗೇ ಅಧಿಕಾರ ಬಿಟ್ಟ ಈತ ಮರುವರ್ಷವೇ ತನ್ನ ಅನುಭವಗಳ ಗ್ರಂಥವನ್ನು ಪ್ರಕಟಿಸಿದನು. ೧೮೯೩ರಲ್ಲಿ ಹೈದರ್ ಮತ್ತು ಟಿಪ್ಪುವನ್ನು ಕುರಿತು ಬರೆದನು. ೧೯೧೦ರಲ್ಲಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದಲ್ಲಿ ತೀರಿಕೊಂಡನು. ನಾಲ್ವತ್ತು ವರ್ಷಗಳ ನಿವೃತ್ತಜೀವನ ಅವನಿಗೆ ಲಭಿಸಿತು. ಇಬ್ಬರ ಪದವಿ ಒಂದೇ; ಹೊರಟ ವಯಸ್ಸು ಬೇರೆ.

೫. ರೂಪಾಯಿಯ ಬೆಲೆ

ಪಿಂಚಣಿ ಸಮುದ್ರ ದಾಟುತ್ತದೆಂದರೂ ದಾಟುವಾಗ ಅದರ ಬೆಲೆ ಒಂದೇ ಸಮನಾಗಿರುವುದಿಲ್ಲ. ಕರಾರುಬದ್ಧ ಸಿವಿಲ್ ಸೇವೆಯವರಿಗೆ ವರ್ಷಕ್ಕೆ ಒಂದು ಸಾವಿರ ಪೌಂಡುಗಳ ವರ್ಷಾಶನ ನಿಗದಿಯಾಗಿತ್ತು. ಆ ಸೇವೆಗೆ ಸೇರದ ಅಧ್ಯಾಪಕರು, ಇಂಜಿನಿಯರುಗಳು ಮೊದಲಾದವರ ಪಿಂಚಣಿ ರೂಪಾಯಿಗಳಲ್ಲಿ ಲೆಕ್ಕವಾಗುತ್ತಿತ್ತು. ೧೮೭೦ರ ದಶಕದ ಆರಂಭದಲ್ಲಿ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಷಿಲಿಂಗು ದೊರೆಯುತ್ತಿತ್ತು. ಅನಂತರ ಬೆಳ್ಳಿಯ ಬೆಲೆ ಕುಸಿದು, ೧೮೯೪ರ ಸುಮಾರಿಗೆ ಅದು ಒಂದು ಷಿಲಿಂಗು ಒಂದು ಪೆನ್ನಿಯವರೆಗೆ ಇಳಿಯಿತು. ಕೈಗೆ ಬರುವ ರೂಪಾಯಿಗಳ ಸಂಖ್ಯೆ ಬದಲಾಗದಿದ್ದರೂ ಇಂಗ್ಲೆಂಡಿನಲ್ಲಿ ಅದರಿಂದ ಕೊಳ್ಳಬಹುದಾದುದು ಅರ್ಧದಷ್ಟಾಯಿತು. ಈ ನೌಕರರ ಅಹವಾಲನ್ನು ವಿಚಾರಿಸಲು ೧೮೯೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೊಂದು ನೇಮಕವಾಯಿತು. ೧೮೯೩ರಲ್ಲಿ ಭಾರತದ ಟಂಕಸಾಲೆಗಳು ಸಾರ್ವಜನಿಕರ ಬೆಳ್ಳಿಯನ್ನು ನಾಣ್ಯವಾಗಿ ಪರಿವರ್ತಿಸುವುದನ್ನು ನಿಲ್ಲಿಸಿದುವು. ಶತಮಾನದ ಕೊನೆಗೆ ರೂಪಾಯಿ ಒಂದು ಷಿಲಿಂಗು ನಾಲ್ಕು ಪೆನ್ನಿಯಲ್ಲಿ ಸ್ಥಿರಗೊಂಡಿತು. ಆಳುವ ಜನಕ್ಕೆ ಸೇರಿದವರಿಗೇ ಈ ಪಾಡು ಬಂದಿತೆಂಬುದನ್ನು ಇಂದಿನ ಓದುಗರು ಗಮನಿಸಬೇಕು.

೬. ಒಂದು ಇಲಾಖೆ, ಇಬ್ಬರು ವಿದ್ವಾಂಸರು

ನಿವೃತ್ತರಾದವರ ಎದುರಿಗಿರುವ ಎರಡು ದಾರಿಗಳನ್ನು ಹೋಲಿಸಿ ನೋಡಲು ಮೈಸೂರಿನ ಪುರಾತತ್ತ್ವ ಇಲಾಖೆಗಿಂತ ಉತ್ತಮವಾದ ಉದಾಹರಣೆ ಸಿಕ್ಕಲಾರದು. ಬೆಂಜಮಿನ್ ಲೂಯಿ ರೈಸ್ ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ೧೮೬೦ರಲ್ಲಿ ಅಧ್ಯಾಪಕವೃತ್ತಿಯಿಂದ ಆರಂಭಿಸಿ, ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿ, ಕೊನೆಗೆ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಬೆಳಕಿಗೆ ತಂದರು. ೧೯೦೬ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಹುಟ್ಟಿದ ಊರೂ ದುಡಿದ ನಾಡೂ ಇದೇ ಆಗಿದ್ದ ಅವರ ಪಾಲಿಗೆ ಅದನ್ನು ಸ್ವದೇಶಗಮನವೆನ್ನಬೇಕೋ ಪರದೇಶಗಮನವೆನ್ನಬೇಕೋ ನಿರ್ಧರಿಸುವುದು ಸುಲಭವಲ್ಲ. ಎಪ್ಪತ್ತರ ಹೊಸ್ತಿಲಲ್ಲಿ ಹೊರಟ ಅವರಿಗೆ ಕಬ್ಬನ್ನನ ಗತಿ ಬರಲಿಲ್ಲ. ಶಾಸನಗಳಿಂದ ಕಂಡುಬರುವ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಬರೆದು ೧೯೦೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ೧೯೨೭ರಲ್ಲಿ ಹ್ಯಾರೊ ಪಟ್ಟಣದಲ್ಲಿ ತೀರಿಕೊಂಡರು. ಇದೇ ರೀತಿ ಫರ್ಡಿನಾಂಡ್ ಕಿಟ್ಟೆಲರೂ ಜರ್ಮನಿಯ ಟ್ಯೂಬಿಂಗೆನ್ನಿಗೆ ಮರಳಿದ ಮೇಲೆ ಕನ್ನಡದ ಕೆಲಸವನ್ನು ಬಿಡಲಿಲ್ಲ. ೧೮೯೪ರಲ್ಲಿ ನಿಘಂಟೂ, ಅವರು ತೀರಿಕೊಂಡ ವರ್ಷವಾದ ೧೯೦೩ರಲ್ಲಿ ವ್ಯಾಕರಣವೂ ಮಂಗಳೂರಿನಲ್ಲಿ ಅಚ್ಚಾದುವು.

ರೈಸ್ ಅವರ ಸ್ಥಾನಕ್ಕೆ ಬಂದ ರಾ. ನರಸಿಂಹಾಚಾರ್ಯರು ೧೯೨೨ರಲ್ಲಿ ನಿವೃತ್ತರಾದರು. ಅವರು ಎಲ್ಲಿಗೂ ಹೋಗಲಿಲ್ಲ. ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟ ೧೯೨೩ರಲ್ಲಿಯೂ, ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟ ೧೯೨೯ರಲ್ಲಿಯೂ ಹೊರಬಂದುವು. ೧೯೩೬ರವರೆಗೆ ಅವರು ಬದುಕಿದ್ದರು. ಒಂದೇ ಇಲಾಖೆಯ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ಹ್ಯಾರೊವಿನಲ್ಲಿಯೂ ಇನ್ನೊಬ್ಬರು ತಮ್ಮ ನಾಡಿನಲ್ಲಿಯೂ ನಿವೃತ್ತಿಯನ್ನು ಕಳೆದರು. ಇಬ್ಬರದೂ ಫಲವತ್ತಾದ ಮುಪ್ಪು. ಎರಡು ಊರುಗಳಿಗೆ ಸಾಮಾನ್ಯವಾಗಿದ್ದುದು ಅವರು ಜೊತೆಯಲ್ಲಿಟ್ಟುಕೊಂಡಿದ್ದ ಕೆಲಸ.

೭. ಬಂದು ಉಳಿದವರು, ಹೋಗಿ ಉಳಿದವರು

ಹೊರಗಿನಿಂದ ಬಂದವರೆಲ್ಲರೂ ಹಿಂದಿರುಗಲಿಲ್ಲ. ೧೮೮೨ರಲ್ಲಿ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ ಸುಮಾರು ೩,೯೦೦ ಎಕರೆ ಭೂಮಿಯನ್ನು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಕೊಟ್ಟರು. ಡಿ. ಎಸ್. ವೈಟ್ ಎಂಬವರ ಹೆಸರಿನಿಂದ ಅದು ವೈಟ್‌ಫೀಲ್ಡ್ ಎನಿಸಿಕೊಂಡಿತು. ಇಂಗ್ಲೆಂಡನ್ನು ಮನೆಯೆಂದು ಕರೆಯುತ್ತಿದ್ದರೂ ಅಲ್ಲಿ ಮನೆಯಿಲ್ಲದಿದ್ದ ಜನರಿಗೆ ಇಲ್ಲಿಯೇ ನೆಲೆ ಕಲ್ಪಿಸುವ ಪ್ರಯತ್ನ ಅದಾಗಿತ್ತು. ಆದರೂ ೧೯೪೭ರ ಅನಂತರ ಆ ಸಮುದಾಯದ ಅನೇಕರು ಬ್ರಿಟನ್, ಆಸ್ಟ್ರೇಲಿಯ, ಕೆನಡಗಳಿಗೆ ತೆರಳಿದರು. ಭೂಮಿ ಒಬ್ಬ ಪೂರ್ಣಯ್ಯನವರ ಮನೆತನವನ್ನು ಹಿಡಿದಿಟ್ಟಂತೆ ಇವರನ್ನು ಹಿಡಿದಿಡಲಿಲ್ಲ. ಮಕ್ಕಳ ಭವಿಷ್ಯ ಎಲ್ಲಿದೆಯೆಂಬ ಎಣಿಕೆ ಅದಕ್ಕಿಂತ ಬಲವಾಯಿತು.

ಜರ್ಮನಿಯ ಸಸ್ಯತಜ್ಞ ಜಿ. ಎಚ್. ಕ್ರುಂಬಿಗಲ್ ೧೮೯೩ರಲ್ಲಿ ಬರೋಡಕ್ಕೂ, ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದು, ಲಾಲ್‌ಬಾಗನ್ನು ಬೆಳೆಸಿ, ೧೯೩೨ರಲ್ಲಿ ನಿವೃತ್ತರಾದರು. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಶತ್ರುದೇಶದವರೆಂಬ ಕಾರಣದಿಂದ ತೊಂದರೆಪಟ್ಟರೂ ಅವರು ಬೆಂಗಳೂರನ್ನು ತೊರೆಯಲಿಲ್ಲ. ೧೯೫೬ರಲ್ಲಿ ಅಲ್ಲಿಯೇ ನಿಧನರಾದರು. ಇದಕ್ಕೆ ಎದುರಾಗಿ, ೧೯೦೮ರಲ್ಲಿ ಹಾಸನದಲ್ಲಿ ಹುಟ್ಟಿ, ಮೊದಲಲ್ಲಿ ಕನ್ನಡದಲ್ಲಿಯೂ ಬರೆದ ಕಾದಂಬರಿಕಾರ ರಾಜಾ ರಾವ್ ಅವರು ೧೯೬೬ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ತತ್ತ್ವಶಾಸ್ತ್ರ ಬೋಧಿಸಿ, ನಿವೃತ್ತರಾದ ಮೇಲೂ ಅಲ್ಲಿಯೇ ಉಳಿದು, ೨೦೦೬ರಲ್ಲಿ ತೀರಿಕೊಂಡರು. ಹಾಸನದವರು ಆಸ್ಟಿನ್‌ನಲ್ಲಿಯೂ ಜರ್ಮನಿಯವರು ಲಾಲ್‌ಬಾಗಿನ ನೆರೆಯಲ್ಲಿಯೂ ಕೊನೆಗಾಲ ಕಳೆದುದರಲ್ಲಿ ವಿಚಿತ್ರವೇನೂ ಇಲ್ಲ. ಇಬ್ಬರೂ ತಮ್ಮ ದುಡಿಮೆಯ ವರ್ಷಗಳನ್ನು ಕಳೆದ ಊರಿನಲ್ಲಿಯೇ ಮುಪ್ಪನ್ನೂ ಕಳೆದರು.

೮. ಇಂದಿನ ಮೈಸೂರು

ಇಂದು ಮೈಸೂರಿನಿಂದ ಹೊರಡಲು ಯೋಚಿಸುವ ಹಿರಿಯರ ಸ್ಥಿತಿ ಈ ಯಾರ ಸ್ಥಿತಿಯನ್ನೂ ಪೂರ್ತಿಯಾಗಿ ಹೋಲುವುದಿಲ್ಲ. ಅವರು ಹುಟ್ಟಿದ ಊರಿಗೆ ಮರಳುವವರಲ್ಲ. ದುಡಿದ ಊರಿನಲ್ಲಿ ಉಳಿಯುವವರೂ ಅಲ್ಲ. ತಾವೆಂದೂ ದುಡಿಯದಿದ್ದ ದೇಶಕ್ಕೆ ಮಕ್ಕಳ ಬೆನ್ನು ಹಿಡಿದು ಹೋಗುವವರು. ಎರಡನೆಯ ಆಧಾರವಾದ ಬಂಧುಜನ ಮಾತ್ರ ಅವರಿಗೆ ಮೊದಲೇ ಸಿದ್ಧವಾಗಿದೆ. ಉಳಿದೆರಡನ್ನು ಅವರೇ ಪರೀಕ್ಷಿಸಿಕೊಳ್ಳಬೇಕಾಗಿದೆ.

ಪ್ರವೇಶದ ಹಕ್ಕನ್ನು ಮೊದಲು ನೋಡೋಣ. ಅಮೆರಿಕದ ೧೯೬೫ರ ವಲಸೆ ಕಾಯಿದೆಯಿಂದ, ಇಪ್ಪತ್ತೊಂದು ವರ್ಷ ತುಂಬಿದ ಪೌರರ ತಂದೆತಾಯಿಗಳು ವಾರ್ಷಿಕ ಸಂಖ್ಯಾಮಿತಿಯಿಲ್ಲದೆ ಕಾಯಂ ನಿವಾಸಕ್ಕೆ ಅರ್ಹರಾದರು. ಆದರೆ ಕಾಯಂ ನಿವಾಸಿಗಳು ದೀರ್ಘಕಾಲ ಆ ದೇಶದಿಂದ ಹೊರಗಿದ್ದರೆ ಹಕ್ಕು ಪ್ರಶ್ನೆಗೊಳಗಾಗುತ್ತದೆ. ಅಲ್ಲಿ ಹಿಂದೆ ದುಡಿಯದ ವೃದ್ಧರಿಗೆ ಐದು ವರ್ಷಗಳ ಸತತ ವಾಸಕ್ಕೆ ಮೊದಲು ಸರ್ಕಾರದ ವೃದ್ಧರ ವೈದ್ಯವಿಮೆ ಹಣ ಕೊಟ್ಟರೂ ದೊರೆಯುವುದಿಲ್ಲ. ಬ್ರಿಟನ್ ೨೦೧೨ರಲ್ಲಿ ತಂದೆತಾಯಿಗಳ ಪ್ರವೇಶವನ್ನು ಬಹಳ ಬಿಗಿಗೊಳಿಸಿತು. ಕೆನಡ ೨೦೧೧ರಲ್ಲಿ ತಂದೆತಾಯಿಗಳಿಗೂ ಅಜ್ಜಅಜ್ಜಿಯರಿಗೂ ದೀರ್ಘಾವಧಿಯ ವೀಸಾ ಪದ್ಧತಿಯನ್ನು ತಂದಿತು. ಇದರಲ್ಲಿಯೂ ವೈದ್ಯವಿಮೆ ಕಡ್ಡಾಯ. ಮಕ್ಕಳ ಆಸರೆಯಿಲ್ಲದೆ ಹೋಗುವವರಿಗೆ ಥಾಯ್ಲೆಂಡ್ ಐವತ್ತು ತುಂಬಿದವರ ವೀಸಾವನ್ನೂ, ಮಲೇಷ್ಯ ೨೦೦೨ರಿಂದ ‘ನನ್ನ ಎರಡನೆಯ ಮನೆ’ ಎಂಬ ಯೋಜನೆಯನ್ನೂ ಇಟ್ಟಿವೆ. ಎರಡರಲ್ಲಿಯೂ ಹಣದ ಬಲವನ್ನು ತೋರಿಸಬೇಕು. ಭಾರತ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಪರದೇಶದ ಪೌರರಾದವರಿಗೆ ೨೦೦೫ರಿಂದ ಸಾಗರೋತ್ತರ ಭಾರತೀಯ ಪೌರರೆಂಬ ನೋಂದಣಿ ದೊರೆಯುತ್ತಿದೆ. ಅದರಿಂದ ಇಲ್ಲಿ ವಾಸಿಸಬಹುದು, ಮತ ಚಲಾಯಿಸುವಂತಿಲ್ಲ. ಈ ಎಲ್ಲ ಕಾರಣಗಳಿಂದ, ಆರು ತಿಂಗಳು ಅಲ್ಲಿ, ಉಳಿದ ಕಾಲ ಇಲ್ಲಿ ಎಂಬ ಮಧ್ಯಮಮಾರ್ಗವನ್ನು ಹಲವರು ಹಿಡಿದಿದ್ದಾರೆ.

ವರಮಾನದ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದ ಪಾಠ ಇಂದಿಗೂ ಸಲ್ಲುತ್ತದೆ. ಮೈಸೂರಿನ ನಿವೃತ್ತ ಅಧ್ಯಾಪಕರ ಪಿಂಚಣಿ ರೂಪಾಯಿಯಲ್ಲಿದೆ. ಇಲ್ಲಿ ಮನೆಯನ್ನು ಗೌರವದಿಂದ ನಡೆಸಲು ಸಾಕಾಗುವ ಮೊತ್ತ ಅಲ್ಲಿ ವಿಮೆಯ ಕಂತಿಗೂ ಸಾಲದೆ ಹೋಗಬಹುದು. ಆಗ ಜೀವನಪೂರ್ತಿ ಸ್ವತಂತ್ರರಾಗಿದ್ದವರು ಮಕ್ಕಳ ಅಧೀನರಾಗುತ್ತಾರೆ. ಮಕ್ಕಳು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಈ ಸ್ಥಾನಪಲ್ಲಟ ಸಣ್ಣದಲ್ಲ. ೨೦೦೬ರ ಏಪ್ರಿಲ್ ೧ರಿಂದ ರಾಜ್ಯಸೇವೆಗೆ ಸೇರಿದವರಿಗೆ ನಿಗದಿಯಾದ ಪಿಂಚಣಿಗೆ ಬದಲಾಗಿ ವಂತಿಗೆಯ ಮೇಲೆ ನಿಂತ ಹೊಸ ಪದ್ಧತಿ ಅನ್ವಯವಾದುದರಿಂದ, ಮುಂದಿನ ತಲೆಮಾರಿನವರ ಲೆಕ್ಕಾಚಾರ ಇನ್ನೂ ತೊಡಕಾಗುವುದು ಸಹಜ.

ಮೂರನೆಯದಾದ ಕೆಲಸದ ಮಾತನ್ನು ನಮ್ಮಲ್ಲಿ ಅತ್ಯಂತ ಕಡಿಮೆ ಚರ್ಚಿಸುತ್ತಾರೆ. ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಕೆಲವು ವರ್ಷಗಳ ಕೆಲಸ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅದು ಮುಗಿಯುತ್ತದೆ. ವಾಹನ ನಡೆಸಲು ಬಾರದವರಿಗೆ ಅಲ್ಲಿ ದೇವಸ್ಥಾನಕ್ಕೂ ಗ್ರಂಥಾಲಯಕ್ಕೂ ಹೋಗಲು ಇನ್ನೊಬ್ಬರ ಬಿಡುವನ್ನು ಕಾಯಬೇಕು. ಕನ್ನಡ ಕೂಟಗಳು ಹಬ್ಬದ ದಿನಗಳಲ್ಲಿ ಸೇರುತ್ತವೆ. ಉಳಿದ ದಿನಗಳನ್ನು ತುಂಬಲಾರವು. ರೈಸ್ ಮತ್ತು ಕಿಟ್ಟೆಲರ ಬಳಿ ಅಂಥ ದಿನಗಳಿಗೆ ಶಾಸನಗಳೂ ಪದಗಳೂ ಇದ್ದುವು.

೯. ಸಮಾರೋಪ

ಮೇಲಿನ ನಿದರ್ಶನಗಳಿಂದ ನಾವು ಈ ಕೆಲವು ನಿರ್ಣಯಗಳಿಗೆ ಬರಬಹುದು. ಸೇವೆಯ ಪ್ರತಿಫಲ ಭೂಮಿಯಿಂದ ಹಣಕ್ಕೆ ತಿರುಗಿದಾಗ ನಿವೃತ್ತನಿಗೆ ಊರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂದಿತು. ಆ ಸ್ವಾತಂತ್ರ್ಯವನ್ನು ನಾಣ್ಯಗಳ ವಿನಿಮಯದರ, ದೇಹಸ್ಥಿತಿ, ಹೊರಡುವ ವಯಸ್ಸು ಇವು ಮಿತಗೊಳಿಸಿದುವು. ಹೋದವರಲ್ಲಿಯೂ ಉಳಿದವರಲ್ಲಿಯೂ ಮುಪ್ಪು ಸಾರ್ಥಕವಾದದ್ದು ಕೈಯಲ್ಲಿ ಕೆಲಸವೂ ಸುತ್ತಲೂ ಜನವೂ ಇದ್ದವರಿಗೆ. ಆದುದರಿಂದ ಎಲ್ಲಿಗೆ ಹೋಗಬೇಕೆಂದು ಕೇಳುವುದಕ್ಕೆ ಮೊದಲು, ಅಲ್ಲಿ ನಮ್ಮ ಹಣ ನಮ್ಮದಾಗಿಯೇ ಉಳಿಯುವುದೇ, ನಮ್ಮ ಮಾತನ್ನು ಕೇಳುವವರು ಯಾರು, ಬೆಳಗ್ಗೆ ಎದ್ದು ಮಾಡುವುದೇನು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಹೋಗಬೇಕೆಂದು ನಿಶ್ಚಯಿಸಿದವರು ಕಬ್ಬನ್ನನಂತೆ ಶಕ್ತಿ ಉಡುಗುವವರೆಗೆ ಕಾಯಬಾರದೆಂಬುದನ್ನೂ ಚರಿತ್ರೆ ಸೂಚಿಸುತ್ತದೆ.

ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಶೋಧನೆಗೆ ಅವಕಾಶವಿದೆ. ಅರಮನೆಯ ದಾಖಲೆಗಳಲ್ಲಿಯೂ ರಾಜ್ಯ ಪತ್ರಾಗಾರದಲ್ಲಿಯೂ ಇರುವ ಪಿಂಚಣಿ ಸಂಬಂಧದ ಕಡತಗಳನ್ನು ಚರಿತ್ರೆಯ ವಿದ್ಯಾರ್ಥಿಗಳು ಪರಿಶೀಲಿಸಬೇಕು. ಅದಕ್ಕಿ೦ತಲೂ ತುರ್ತಾದುದು ಇನ್ನೊಂದು. ಕಳೆದ ಐವತ್ತು ವರ್ಷಗಳಲ್ಲಿ ಮೈಸೂರಿನಿಂದ ಮಕ್ಕಳ ಬಳಿಗೆ ಹೋದ, ಹೋಗಿ ಮರಳಿದ ಹಿರಿಯರ ಅನುಭವಗಳು ಯಾವ ಕಡತದಲ್ಲಿಯೂ ದೊರೆಯುವುದಿಲ್ಲ. ಅವರು ನಮ್ಮ ನಡುವೆ ಇರುವಾಗಲೇ ಅವುಗಳನ್ನು ಕೇಳಿ ಬರೆದಿಟ್ಟುಕೊಂಡರೆ, ಈ ನಗರದ ಸಾಮಾಜಿಕ ಚರಿತ್ರೆಯ ಮುಖ್ಯವಾದ ಒಂದು ಅಧ್ಯಾಯ ಉಳಿದುಕೊಳ್ಳುತ್ತದೆ.